ಗುಳ್ಳ ಸರ್‌ಗೆ ದೆಹಲಿಯ ಕರೆ

ಇದು ನಡೆದದ್ದೇ. ನಂಬದವರು ಆ ಶನಿವಾರ ಸಂಜೆ ಉರ್ವದ ಹಾಲ್‌ನಲ್ಲಿ ಪ್ಲೇಟು ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಆದರೆ ಅವರು ನಕ್ಕ ಭಾಗವನ್ನು ಮಾತ್ರ ಹೇಳುತ್ತಾರೆ, ಯಾಕೆಂದರೆ ಅವರಿಗೆ ಬಡಿಸಿದ್ದು ಅಷ್ಟೇ. ಬೆಳಿಗ್ಗೆ ಒಲೆಯ ಮೇಲೆ ಏನು ಸೀದು ಹೋಗಿತ್ತು ಎಂಬುದು ಇಬ್ಬರಿಗೇ ಗೊತ್ತು: ಫೋನು ಮಾಡಿದವನಿಗೆ, ಫೋನು ಎತ್ತಿದವರಿಗೆ.

ರೂಪೇಶ್ ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಾಗ ಅವನು ಅನುಕರಿಸಿದ ದೆಹಲಿಯ ಅಧಿಕಾರಿ ಅವನ ಗಂಟಲಲ್ಲಿ ಇನ್ನೂ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕುದ್ರೋಳಿಯ ಆ ಮನೆಯ ಹಿಂಬದಿಯಲ್ಲಿ ಬಿಸಿಲು ಬಾವಿಕಟ್ಟೆಯವರೆಗೆ ಬಂದಿತ್ತು. ಪಕ್ಕದ ಮನೆಯ ಕುಕ್ಕರು ಕೂಗುತ್ತಿತ್ತು. ಎಲ್ಲ ಇದ್ದ ಹಾಗೆಯೇ ಇತ್ತು, ಅದೇ ಅವನಿಗೆ ವಿಚಿತ್ರವೆನಿಸಿತು. ಎದುರಿನ ರಸ್ತೆಯಲ್ಲಿ ಮೀನಿನವಳ ಸ್ವರ ಕೇಳಿ ಹೆಂಡತಿ ಅಶ್ಮಿತಾ ಅಡುಗೆಮನೆಯ ಕಿಟಕಿಯಿಂದ ತಲೆ ಹಾಕಿದಳು. "ಮಾರಾಯ್ರೆ, ಬಂಗುಡೆ ತಗೊಳ್ಳುವುದಾ, ಬೂತಾಯಿಯಾ?" ರೂಪೇಶ್ ಬಾಯಿ ತೆರೆದ. "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಲ್ಲಲಾಗುವುದು" ಎಂದಿತು ಆ ಬಾಯಿ, ದೆಹಲಿಯ ಮೂಗಿನಿಂದ. ಅಶ್ಮಿತಾ ನಕ್ಕು ನಕ್ಕು ಕಿಟಕಿಯ ಸರಳು ಹಿಡಿದುಕೊಂಡಳು. "ನಿಮಗೆ ಹಿಡಿದ ಭೂತ ಇಳಿಯಲಿಕ್ಕೆ ಎಷ್ಟು ಹೊತ್ತು ಉಂಟು? ಬೂತಾಯಿಯೇ ತಗೊಳ್ತೇನೆ" ಎಂದು ಹೋದಳು. ಅವನು ನಗಲಿಲ್ಲ. ತಾನು ಹೇಳಬೇಕೆಂದಿದ್ದದ್ದು ಬಂಗುಡೆ. ಹೇಳಲಿಕ್ಕೆ ತನ್ನದೊಂದು ಸ್ವರ ಬೇಕಿತ್ತು, ಹುಡುಕಿದರೆ ಅದು ಕೈಗೆ ಸಿಗಲಿಲ್ಲ.

ಆ ಧ್ವನಿಯನ್ನು ಅವನು ಒಂದು ವಾರ ಕೂತು ಕಟ್ಟಿದ್ದ. ಮೂಗು ಒಬ್ಬ ಬ್ಯಾಂಕ್ ಮ್ಯಾನೇಜರನದು, ಕೆಮ್ಮು ತೆರಿಗೆ ಇಲಾಖೆಯದು, ಮಾತಿನ ನಡುವೆ ಬರುವ ಆ ಉದ್ದ ನಿಲುಗಡೆ, ಎದುರಿನವನು ಬೆವರಲಿ ಎಂದು ಬಿಡುವ ಜಾಗ, ಅದು ಕುಲಾಂತರಿ ಬದನೆಯ ಬಗ್ಗೆ ನಡೆದ ಹಿಂದಿನ ಸಭೆಗೆ ಬಂದಿದ್ದ ಅಧಿಕಾರಿಯದೇ. ಕನ್ನಡವನ್ನು ಪೋಸ್ಟಿಂಗಿನಲ್ಲಿ ಕಲಿತ ಉತ್ತರದವರ ಹಾಗೆ 'ಳ'ಕಾರಗಳನ್ನೆಲ್ಲ ನುಣ್ಣಗೆ ಬೋಳಿಸಿದ್ದ. 'ಬೆಳೆ' ಎನ್ನುವಲ್ಲೆಲ್ಲ 'ಬೆಲೆ' ಎಂದು ಬರುವಂತೆ, ಸರಕಾರದ ಮನಸ್ಸಿನಲ್ಲಿರುವುದೇ ನಾಲಗೆಗೆ ಬಂತೆಂಬಂತೆ. ಅದು ಹೊಳೆದಾಗ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಕಾಲೇಜಿನಲ್ಲಿ ಅವನಿಗೆ ಕಲಿಸಿದ ಇಸಿದೋರ್ ಸರ್‌ಗೆ ಅರವತ್ತು ತುಂಬಿದ ಸಂತೋಷಕ್ಕೆ ಈ ಸಂಜೆ ಹಾಲ್‌ನಲ್ಲಿ ಪಾರ್ಟಿ, ನಡೆಸಿಕೊಡುವ ಎಂ.ಸಿ. ರೂಪೇಶನೇ. ಊರಿನ ಕ್ರಿಶ್ಚನ್ ಮನೆಗಳ ಜುಬಿಲಿ, ಬರ್ತ್‌ಡೇ ಯಾವುದಿದ್ದರೂ ಈಚೆಗೆ ಒಂದು ಪದ್ಧತಿ ಆಗಿಬಿಟ್ಟಿದೆ: ಟೋಸ್ಟ್ ಎತ್ತಿದ ಮೇಲೆ, ಊಟಕ್ಕೆ ಬಿಡುವ ಮೊದಲು, ಎಂ.ಸಿ.ಯಾದವನು ಮೊದಲೇ ರೆಕಾರ್ಡ್ ಮಾಡಿಕೊಂಡ ಒಂದು ಪ್ರ್ಯಾಂಕ್ ಕಾಲ್ ಸ್ಪೀಕರಿಗೆ ಹಾಕಬೇಕು. ಮನೆಯವರೇ ಗುಟ್ಟಾಗಿ ಹೇಳಿ ಮಾಡಿಸುತ್ತಾರೆ. ಕರೆ ಬಂದವನು ಬೆಚ್ಚಿದ್ದು, ಬೈದದ್ದು, ಪೊಲೀಸಿಗೆ ಕೊಡ್ತೇನೆಂದು ಕೂಗಿದ್ದು ಎಲ್ಲವನ್ನೂ ನೆಂಟರ ಎದುರು ಕೇಳಿಸುತ್ತಾರೆ. ಇಲ್ಲಿ ಮಾಡಿಸಿದ್ದು ಸರ್‌ರ ಹೆಂಡತಿ ವಿನಿಫ್ರೆಡ್, ರೂಪೇಶನಿಗೆ ವಿನ್ನಿ ಆಂಟಿ. "ಜೋರು ಮಾಡಿ ಕೇಳು ರೂಪೇಶ, ಅವರು ಸಿಟ್ಟಿನಲ್ಲಿ ಸರಕಾರಕ್ಕೆ ಬೈಯುವುದು ಕೇಳಲಿಕ್ಕೇ ಒಂದು ಖುಷಿ" ಎಂದಿದ್ದರು.

ಖುಷಿಯೇ. ಇಸಿದೋರ್ ಸರ್ ಸಸ್ಯಶಾಸ್ತ್ರ ಕಲಿಸುತ್ತಿದ್ದ ಕಾಲಕ್ಕೂ ಅವರ ಸಿಟ್ಟನ್ನು ಕೇಳಲು ಪಕ್ಕದ ಕ್ಲಾಸಿನವರು ಕಾರಿಡಾರಿನಲ್ಲಿ ನಿಲ್ಲುತ್ತಿದ್ದರು. ಕುಲಾಂತರಿ ಬದನೆಯ ವಿಷಯ ಬಂದ ಮೇಲೆ ಆ ಸಿಟ್ಟಿಗೆ ಇಡೀ ಊರೇ ಕಾರಿಡಾರಾಯಿತು. ಈ ಕಡೆಯ ಉರುಟು ಹಸಿರು ಬದನೆಗೆ ಗುಳ್ಳ ಎನ್ನುತ್ತಾರೆ. ಪ್ರಯೋಗಶಾಲೆಯಲ್ಲಿ ಬೇರೆ ಜೀವಿಯ ಗುಣ ಸೇರಿಸಿದ ಬದನೆಯನ್ನು ಇಲ್ಲಿಯ ಹೊಲದಲ್ಲಿ ಬಿಟ್ಟರೆ ಅದರ ಪರಾಗ ಗುಳ್ಳಕ್ಕೂ ಹೋಗುತ್ತದೆ, ಹೋದದ್ದನ್ನು ಯಾವ ಮಂತ್ರಿಯೂ ವಾಪಸು ಕರೆಯಲಿಕ್ಕಾಗುವುದಿಲ್ಲ ಎಂದು ಅವರು ಚರ್ಚಿನ ಅಂಗಳದಲ್ಲಿ, ಟಿವಿಯಲ್ಲಿ, ಮಾರುಕಟ್ಟೆಯಲ್ಲಿ ತರಕಾರಿ ಆರಿಸುತ್ತಾ ಕೂಡ ಹೇಳುತ್ತಿದ್ದರು. ಹಾಗೆ ಗುಳ್ಳ ಸರ್ ಎಂದೇ ಹೆಸರಾಯಿತು. ಹಿಂದಿನ ಸಭೆಯಲ್ಲಿ ರೂಪೇಶ್ ಹಿಂದಿನ ಸಾಲಿನಲ್ಲಿ ಕೂತಿದ್ದ. ವೇದಿಕೆಯ ಅಧಿಕಾರಿ ಗುಳ್ಳ ಬೆಳೆಯುವ ಬೋಜಣ್ಣ ಎದ್ದು ನಿಂತರೆ "ನೀವು ವಿಜ್ಞಾನಿಯಾ? ಇದು ವಿಜ್ಞಾನದ ವಿಷಯ" ಎಂದು ಕೂರಿಸುತ್ತಿದ್ದ, ಇಸಿದೋರ್ ಸರ್ ಎದ್ದರೆ "ನೀವು ರೈತರಾ? ಇದು ರೈತರ ವಿಷಯ" ಎನ್ನುತ್ತಿದ್ದ. ವಿರೋಧಿಸುವವರಿಗೆ ಯಾರ ಹಣ ಬರುತ್ತದೆಂದು ಸರಕಾರಕ್ಕೆ ಗೊತ್ತಿದೆ ಎಂದು ನಗುತ್ತಲೇ ಹೇಳಿದ್ದ. ಸಭೆಯ ಹೆಸರು ಸಮಾಲೋಚನೆ; ಸಮ ಆಲೋಚನೆ ಇದ್ದವರಿಗೆ ಮಾತ್ರ ಮೈಕು ಎಂದು ರೂಪೇಶ್ ಪಿಸುಗುಟ್ಟಿದ್ದಕ್ಕೆ ಸರ್ ನಕ್ಕು, ಮತ್ತೆ ಎದ್ದು, ಕನ್ನಡಕ ತೆಗೆದು, "ನೋಡಿ" ಎಂದು ಶುರು ಮಾಡಿದ್ದರು. ಅವರ ಎಲ್ಲ ವಾಕ್ಯಗಳೂ 'ನೋಡಿ' ಎಂದೇ ಶುರುವಾಗುತ್ತಿದ್ದವು. "ನೋಡಿ, ನಾನು ರೈತನೂ ಅಲ್ಲ, ನಿಮ್ಮ ಲೆಕ್ಕದ ವಿಜ್ಞಾನಿಯೂ ಅಲ್ಲ. ತಿನ್ನುವವ. ತಿನ್ನುವವನನ್ನು ಕೂರಿಸಲಿಕ್ಕೆ ನಿಮ್ಮಲ್ಲಿ ಎಂತ ಪ್ರಶ್ನೆ ಉಂಟು, ಕೇಳಿ." ಆ ದಿನದ ಆ 'ನೋಡಿ'ಯನ್ನು ಅನುಕರಿಸುತ್ತಲೇ ರೂಪೇಶ್ ಎಷ್ಟೋ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದ.

ಇವತ್ತಿನ ಕರೆಯಲ್ಲಿ ಒಂದೇ ಒಂದು 'ನೋಡಿ' ಇರಲಿಲ್ಲ. ಪ್ರ್ಯಾಂಕಿಗೆಂದೇ ಇಟ್ಟುಕೊಂಡ ಸಿಮ್ಮಿನಿಂದ, ಮೊದಲ ಮಾತಿನಿಂದಲೇ ರೆಕಾರ್ಡ್ ಆಗುವಂತೆ ಇಟ್ಟು ಮಾಡಿದ್ದ. ದೆಹಲಿಯಿಂದ ಎಂದ, ಇಲಾಖೆಯಿಂದ ಎಂದ, ಹೆಸರಿನ ಬದಲು ಕೆಮ್ಮಿದ. "ಕುಲಾಂತರಿ ಬೆಲೆ ವಿರುದ್ಧ ನೀವು ಹೇಲಿದ್ದೆಲ್ಲ ನಮ್ಮ ಟೇಬಲ್ ಮೇಲೆ ಇದೆ ಪ್ರೊಫೆಸರ್." ನಿಲುಗಡೆ. ಈಗ ಸಿಡಿಯುತ್ತಾರೆ ಎಂದು ಕಾದ. ಸಿಡಿಯಲಿಲ್ಲ. ಬಹುಶಃ ಒತ್ತಡ ಸಾಲದೆಂದು ಅವನು ಇನ್ನೊಂದು ಕಡ್ಡಿ ಗೀರಿದ. ಅದು ಬರೆದುಕೊಂಡದ್ದಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು: "ನಿಮ್ಮ ಮಗಲು ಎಲೇನ್ ನಮ್ಮ ಸಂಶೋಧನಾ ಸಂಸ್ಥೆಯಲ್ಲೇ ಇದಾರಲ್ಲ. ಇನ್ನೂ ಟೆಂಪರರಿ, ಅಲ್ವಾ?" ಇಷ್ಟೇ. ಧ್ವನಿ ನಿಜವೆನಿಸಬೇಕಾದರೆ ಒಂದು ನಿಜವಾದ ವಿವರ ಬೇಕು, ಅದು ಮಿಮಿಕ್ರಿಯವನ ಕಸುಬು. ಆ ಕಡೆಯಿಂದ ಬಂದದ್ದು ಅವನು ಎಂದೂ ಕೇಳದ, ಅನುಕರಿಸಲು ಎಂದೂ ಹೊಳೆಯದ ಒಂದು ಸಣ್ಣ ಸ್ವರ. "ಸರ್, ಅವಳಿಗೂ ಇದಕ್ಕೂ ಸಂಬಂಧ ಇಲ್ಲ ಸರ್. ನಾನು ಸೈನ್ಸಿನ ವಿರೋಧಿ ಅಲ್ಲ ಸರ್. ಜನ ಕರೀತಾರೆ, ಹೋಗ್ತೇನೆ. ನಾನು ಬರೀ ಟೀಚರ್."

ಅಲ್ಲಿಗೆ ನಿಲ್ಲಿಸಬೇಕಿತ್ತು. 'ಸರ್, ನಾನು ರೂಪೇಶ್' ಎಂದರೆ ಮುಗಿಯುತ್ತಿತ್ತು. ಎಲ್ಲ ಪ್ರ್ಯಾಂಕಿನ ಕೊನೆಗೂ ಅವನು ಹೇಳುವುದು ಅದೇ. ಯಾಕೆ ಹೇಳಲಿಲ್ಲ ಎಂದು ಅವನು ಸ್ನಾನದ ನೀರು ಮೈಮೇಲೆ ಹೊಯ್ದುಕೊಳ್ಳುತ್ತಾ ಕೇಳಿಕೊಂಡ, ಅಶ್ಮಿತಾ ಬಡಿಸಿದ ಬೂತಾಯಿಯ ಮುಳ್ಳು ಬಿಡಿಸುತ್ತಾ ಕೇಳಿಕೊಂಡ. ರುಚಿ ಹತ್ತಿತ್ತು, ಅದು ನಿಜ. ಅಷ್ಟು ದೊಡ್ಡ ಮನುಷ್ಯ ಫೋನಿನ ಆ ತುದಿಯಲ್ಲಿ ಕುಗ್ಗುವುದು, ತನ್ನ ಪ್ರತಿ ಕೆಮ್ಮಿಗೆ ಒಂದೊಂದು 'ಸರ್' ಉದುರುವುದು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡು ತಂದಿರಲಿಲ್ಲವೆಂದು ಇದೇ ಇಸಿದೋರ್ ಸರ್ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ "ಈ ಗಿಡಕ್ಕೆ ಬೇರು ಇಲ್ಲ, ಹೂವು ಮಾತ್ರ" ಎಂದಿದ್ದರು, ಇಡೀ ಕ್ಲಾಸು ನಕ್ಕಿತ್ತು, ಅವನೂ ನಕ್ಕಿದ್ದ. ಅದಕ್ಕೆ ಇದು ಸೇಡೇ? ಅಲ್ಲ. ಅಲ್ಲ ಎಂದುಕೊಂಡಷ್ಟೂ ಮುಳ್ಳು ಇನ್ನಷ್ಟು ಸಣ್ಣದಾಗಿ ಬೆರಳಿಗೆ ಸಿಗುತ್ತಿತ್ತು. ಕುಗ್ಗಿದ್ದನ್ನು ಕೇಳಿಯೂ ಅವನು ಮುಂದೆ ಕೇಳಿದ್ದು ತನ್ನ ಬಗ್ಗೆ. ಸಮಾಧಾನಕ್ಕೆ ಕೇಳಿದ್ದು, ಅಥವಾ ಹೊಗಳಿಕೆಗೆ. ಸಂಜೆ ಹಾಲ್‌ನಲ್ಲಿ ಸ್ಪೀಕರಿನಿಂದ ಗುಳ್ಳ ಸರ್ ಅವರೇ 'ಅವನು ನನ್ನ ಶಿಷ್ಯ, ಅವನ ಮೇಲೆ ಕೈ ಮಾಡಿದರೆ ಜಾಗ್ರತೆ' ಎನ್ನುವುದನ್ನು ಎಲ್ಲರೂ ಕೇಳಲಿ ಎಂಬ ಆಸೆಗೆ. "ಬದನೆ ವಿಷಯದಲ್ಲಿ ಮಂತ್ರಿಗಲ ಧ್ವನಿ ಮಾಡಿ ಬೀದಿ ನಾಟಕ ಮಾಡ್ತಾನಲ್ಲ, ಯಾರು ಅವನು?"

"ಅದು ರೂಪೇಶ್ ಅಂತ ಸರ್" ಎಂದಿತು ಆ ಸಣ್ಣ ಸ್ವರ, ಯಾವ ನಿಲುಗಡೆಯೂ ಇಲ್ಲದೆ. "ಕುದ್ರೋಳಿಯವ. ಅವನೇ ಎಲ್ಲ ಮಾಡಿಸುವುದು. ನಾನು ಬೇಡ ಅಂತ ಹೇಳಿದ್ದೆ ಸರ್."

ಅವರು ಬೇಡ ಎಂದಿರಲಿಲ್ಲ. ನಾಟಕದ ಮಾತುಗಳನ್ನು ತಿದ್ದಿಕೊಟ್ಟವರೇ ಅವರು, ಅವರ ಮನೆಯ ಊಟದ ಮೇಜಿನ ಮೇಲೆ, ವಿನ್ನಿ ಆಂಟಿಯ ಪತ್ರೊಡೆ ತಿನ್ನುತ್ತಾ. "ಎಂಥ ಮನುಷ್ಯ?" ಎಂದು ಅಧಿಕಾರಿ ಕೇಳಿದ. ರೂಪೇಶ್ ಕೇಳಿದನೋ ಅಧಿಕಾರಿಯೇ ಕೇಳಿದನೋ ಈಗ ಹೇಳುವುದು ಕಷ್ಟ. "ಸ್ವಂತ ವಿಚಾರ ಅಂತ ಏನೂ ಇಲ್ಲ ಸರ್ ಅವನಿಗೆ. ಯಾರ ಧ್ವನಿ ಸಿಕ್ಕಿದರೆ ಅದು. ನಾಳೆ ನಿಮ್ಮದು ಸಿಕ್ಕಿದರೆ ನಿಮ್ಮದೇ ಮಾತಾಡ್ತಾನೆ." ಆಮೇಲೆ ಬಾವಿಕಟ್ಟೆಯ ಬಿಸಿಲಿನಲ್ಲಿ ನಿಂತು ರೂಪೇಶ್ ತನ್ನ ಜೀವಮಾನದಲ್ಲಿ ಹೇಳಿದ ಅತ್ಯಂತ ಸಭ್ಯವಾದ ವಾಕ್ಯ ಹೇಳಿದ: "ಸೋಮವಾರದ ಸಭೆಗೆ ನೀವು ಬರದಿದ್ದರೆ ಎಲ್ಲರಿಗೂ ಒಲ್ಲೆಯದು ಪ್ರೊಫೆಸರ್." "ಬರುವುದಿಲ್ಲ ಸರ್" ಎಂದರು. ಮತ್ತೆ, ಫೋನು ಇಡುವ ಮೊದಲು, "ಥ್ಯಾಂಕ್ಯೂ ಸರ್."

ಆ ಥ್ಯಾಂಕ್ಯೂ ಅವನ ಜೊತೆ ಸ್ಕೂಟರಿನಲ್ಲಿ ಹಿಂದೆ ಕೂತು ಬಂತು. ವಯರುಗಳ ಚೀಲ ಕಾಲ ಬಳಿ, ಸ್ಪೀಕರು ಎಡ್ವಿನ್ ತರುತ್ತಾನೆ, ಎಡ್ವಿನ್ ವಿನ್ನಿ ಆಂಟಿಯ ತಮ್ಮ. ಉರ್ವ ಮಾರುಕಟ್ಟೆಯ ಹತ್ತಿರ ಸಿಟಿ ಬಸ್ಸೊಂದು ಅಡ್ಡ ನಿಂತು ಟ್ರಾಫಿಕ್ ಕಟ್ಟಿತ್ತು. ಗೋಣಿಯ ಮೇಲೆ ರಾಶಿ ಹಾಕಿದ ಗುಳ್ಳಗಳು ಹಸಿರಾಗಿ, ಉರುಟಾಗಿ, ಯಾರು ಏನು ಮಾತಾಡಿದರೂ ತಮಗೆ ಸಂಬಂಧವಿಲ್ಲವೆಂಬಂತೆ ಹೊಳೆಯುತ್ತಿದ್ದವು. ಸೋಮವಾರ ಸಭೆ. ಊರ ಹೊರಗಿನ ಫಾರ್ಮಿನಲ್ಲಿ ಕುಲಾಂತರಿ ಬದನೆಯ ಪ್ರಯೋಗ ಬೆಳೆಗೆ ಆಕ್ಷೇಪ ಹೇಳಲು ಅದೇ ಕೊನೆಯ ಅವಕಾಶ; ಅಲ್ಲಿ ಎದ್ದು ಇಂಗ್ಲಿಷಿನಲ್ಲಿ, ವಿಜ್ಞಾನದಲ್ಲಿ, ಅವರದೇ ಕಾನೂನಿನಲ್ಲಿ ಉತ್ತರ ಕೊಡಬಲ್ಲವರು ಒಬ್ಬರೇ. ಅವರು ಬಾರದಿದ್ದರೆ ಸಭೆಯ ವರದಿಯಲ್ಲಿ 'ಆಕ್ಷೇಪಗಳಿಲ್ಲ' ಎಂದು ಬರುತ್ತದೆ. ಸರಕಾರಕ್ಕೆ ಇದು ಗೊತ್ತೇ ಇಲ್ಲ, ಅದೇ ತಮಾಷೆ. ಯಾವ ಸಚಿವಾಲಯವೂ ಫೋನು ಮಾಡಲಿಲ್ಲ, ಯಾವ ಅಧಿಕಾರಿಯೂ ಹೆದರಿಸಲಿಲ್ಲ. ಅವರ ಕೆಲಸವನ್ನು ಕುದ್ರೋಳಿಯ ಒಬ್ಬ ಎಂ.ಸಿ. ಬಾವಿಕಟ್ಟೆಯಲ್ಲಿ ನಿಂತು ಮಾಡಿಕೊಟ್ಟ, ಅದೂ ಪುಕ್ಕಟೆ. ಹಿಂದಿನ ಕಾರಿನವನು ಹಾರ್ನ್ ಹೊಡೆದು "ಹೋಗು ಮಾರಾಯ, ಬದನೆ ನೋಡ್ತಾ ನಿಂತಿದ್ದಿಯಲ್ಲ" ಎಂದಾಗ ಅವನು ಬೆಚ್ಚಿಬಿದ್ದ. ಹೇಳಿಬಿಡಬೇಕು. ಹೇಳಿದರೆ ಅವರು ಸೋಮವಾರ ಹೋಗಬಹುದು. ಆದರೆ ಹೇಳಿದ ಕ್ಷಣಕ್ಕೇ ಅವರಿಗೆ ಇನ್ನೊಂದೂ ಗೊತ್ತಾಗುತ್ತದೆ, ರೂಪೇಶ್ ಎಲ್ಲವನ್ನೂ ಕೇಳಿದ್ದಾನೆ ಎಂದು. ಆಮೇಲೆ ಇಬ್ಬರೂ ಯಾವ ಮುಖ ಇಟ್ಟುಕೊಂಡು ಒಂದೇ ಮೇಜಿನಲ್ಲಿ ಕೂರುವುದು?

ಹಾಲ್‌ನ ಬಾಗಿಲಲ್ಲೇ ವಿನಿಫ್ರೆಡ್ ಅವನ ತೋಳು ಹಿಡಿದರು. ಹೊಸ ಸೀರೆ, ಕಿವಿಯಲ್ಲಿ ಮುತ್ತು. "ಸಿಕ್ಕಿದರಾ? ಬೈದರಾ?"

"ಸಿಕ್ಕಿದರು ಆಂಟಿ."

"ಎಷ್ಟು ಬೈದರು?"

"ಅಷ್ಟು... ಸ್ವಲ್ಪ."

"ಅಯ್ಯೊ ಸಾಯ್ಬಾ, ದೇವರೇ, ನಾಚಬೇಡ. ಫಾದರ್ ಇದ್ದಾರೆ ಅಂತ ಕಟ್ ಮಾಡಬೇಡ, ಬೈದದ್ದು ಇಡೀ ಹಾಕು. ಬೆಳಿಗ್ಗೆಯಿಂದ ಮನುಷ್ಯ ಮಾತೇ ಇಲ್ಲ. ಸಿಟ್ಟು ಒಳಗೇ ಕುದೀತಾ ಉಂಟು. ನನಗೆ ನಗು ತಡೀಲಿಕ್ಕೆ ಆಗದೆ ಬಚ್ಚಲಿಗೆ ಹೋಗಿ ನಕ್ಕು ಬಂದೆ." ಅವರು ಮತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅತಿಥಿಗಳತ್ತ ಹೋದರು. ಗಂಡನ ಮೌನವನ್ನು ಸಿಟ್ಟೆಂದು ಓದಿಕೊಂಡು ಇಡೀ ದಿನ ನಕ್ಕ ಆ ಹೆಂಗಸನ್ನು ನೋಡಿ ರೂಪೇಶ್ ವಯರುಗಳ ಚೀಲ ಎತ್ತಿಕೊಂಡು ಒಳಗೆ ನಡೆದ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅವನು ವಯರು ಬಿಡಿಸುತ್ತಿದ್ದಾಗ ಇಸಿದೋರ್ ಸರ್ ಒಬ್ಬರೇ ಬಂದು ಬಾಗಿಲು ಅರ್ಧ ಮುಚ್ಚಿದರು. ಸೂಟು, ಎದೆಯಲ್ಲಿ ಹೂವು. "ರೂಪೇಶ" ಎಂದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. 'ನೋಡಿ' ಬರುತ್ತದೆಂದು ಅವನು ಕಾದ. "ಸೋಮವಾರ ನನಗೆ ಹೋಗಲಿಕ್ಕೆ ಆಗುವುದಿಲ್ಲ. ಪ್ರೆಶರ್ ಉಂಟಲ್ಲ. ಡಾಕ್ಟರು ಬೇಡ ಅಂದರು. ನೀನೂ ಹೋಗಬೇಡ."

"ನಾನು ಯಾಕೆ ಸರ್?"

"ಸುಮ್ಮನೆ. ಸ್ವಲ್ಪ ದಿನ ಆ ನಾಟಕ, ಮಂತ್ರಿಗಳ ಮಿಮಿಕ್ರಿ ಎಲ್ಲ ಬೇಡ. ಕಾಲ ಸರಿ ಇಲ್ಲ ಮಾರಾಯ. ಯಾರಾದರೂ ಫೋನು ಮಾಡಿ ಕೇಳಿದರೆ ನನಗೇನೂ ಗೊತ್ತಿಲ್ಲ, ಎಲ್ಲ ಇಸಿದೋರ್ ಸರ್ ಹೇಳಿದ ಹಾಗೆ ಮಾಡಿದ್ದು ಅಂತ ಹೇಳು. ನನ್ನ ಹೆಸರೇ ಹೇಳು." ಅವರು ಅವನ ಭುಜದ ಮೇಲೆ ಕೈ ಇಟ್ಟರು. ಬೆಳಿಗ್ಗೆ ಮಾಡಿದ್ದನ್ನು ಸಂಜೆ ಹೀಗೆ ಬಿಡಿಸಿಕೊಳ್ಳಲು ನೋಡುತ್ತಿದ್ದಾರೆ, ಸಾಲ ಎಲ್ಲಿಯದೆಂದು ಹೇಳದೆ ತೀರಿಸಲು ಬಂದವರಂತೆ. ಸ್ವಂತ ವಿಚಾರವಿಲ್ಲದವನೆಂದು ಹೇಳಿದ್ದು ಒಂದು ಪಕ್ಷ ಅವನನ್ನು ಉಳಿಸಲಿಕ್ಕೇ ಇರಬಹುದೇ? ಲೆಕ್ಕಕ್ಕಿಲ್ಲದ ಮನುಷ್ಯ, ಬಿಟ್ಟುಬಿಡಿ ಎಂಬ ಹಾಗೆ? ರೂಪೇಶ್ ಆ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿದಾಗಲೇ ಅದು ತನಗೆ ಬೇಕಾಗಿ ತಾನೇ ನೂತದ್ದೆಂದೂ ತಿಳಿಯಿತು. ಈಗ ಹೇಳು, ಈಗ. "ಸರ್, ಬೆಳಿಗ್ಗೆ..." ಎಂದ. ಅವರ ಕಣ್ಣು ಚಟ್ಟನೆ ಬಾಗಿಲಿಗೆ ಹೋಯಿತು, ಯಾರೋ ಕೇಳಿಸಿಕೊಂಡಾರು ಎಂಬಂತೆ. ಆ ಕಣ್ಣನ್ನು ಅಷ್ಟು ಬೇಗ ಅಷ್ಟು ಅಂಜಿಸಿದ್ದು ತಾನು ಎಂಬುದು ಅವನ ನಾಲಗೆಯನ್ನು ಅಂಗುಳಕ್ಕೆ ಅಂಟಿಸಿಬಿಟ್ಟಿತು.

ಬಾಗಿಲು ತಳ್ಳಿ ಬಂದದ್ದು ಎಲೇನ್. "ಡ್ಯಾಡಿ, ಕೇಕಿನ ಹತ್ತಿರ ಎಲ್ಲ ಕಾಯ್ತಾ ಇದ್ದಾರೆ" ಎಂದು ಅವರ ಎದೆಯ ಹೂವು ನೇರ ಮಾಡಿದಳು. ಅವರು ಹೋದ ಮೇಲೆ ಅವಳು ಒಂದು ಕ್ಷಣ ನಿಂತಳು. "ರೂಪೇಶ್, ನಿಮಗೆ ಏನಾದರೂ ಹೇಳಿದರಾ? ಬೆಳಿಗ್ಗೆಯಿಂದ ನನ್ನನ್ನು ಒಂದೇ ಸಮನೆ ಕೇಳ್ತಾ ಇದ್ದಾರೆ, ಆಫೀಸಿನಲ್ಲಿ ಯಾರಾದರೂ ಎಂತಾದರೂ ಅಂದರಾ ಅಂತ. ನನಗೆ ಅಲ್ಲಿ ಎಂತ ತೊಂದರೆಯೂ ಇಲ್ಲ. ನಮ್ಮ ಡೈರೆಕ್ಟರೇ ಹೋದ ತಿಂಗಳು ಡ್ಯಾಡಿಯ ಭಾಷಣ ಕೇಳಿ, ನಿಮ್ಮ ತಂದೆಯದ್ದು ಸರಿಯಾದ ಪ್ರಶ್ನೆ, ಕೇಳುವ ಜಾಗ ಮಾತ್ರ ತಪ್ಪು ಅಂತ ನಗಾಡಿದರು." ಅವನು ವಯರು ಸುತ್ತತೊಡಗಿದ, ಬಿಡಿಸಲೆಂದು ತೆಗೆದದ್ದನ್ನೇ ಮತ್ತೆ ಸುತ್ತತೊಡಗಿದ. ಇಲ್ಲ ಎಂದು ತಲೆಯಾಡಿಸಿದ. ಅವಳು ನಂಬಿದಳು.

ಹಾಲ್ ತುಂಬಿತು. ಬೋಜಣ್ಣ ಬಿಳಿ ಅಂಗಿ ಹಾಕಿ, ಗುಳ್ಳ ತುಂಬಿದ ಒಂದು ಬುಟ್ಟಿಗೆ ಬಣ್ಣದ ರಿಬ್ಬನ್ನು ಕಟ್ಟಿ ತಂದಿದ್ದ. ಅದನ್ನು ಕೇಕಿನ ಪಕ್ಕದಲ್ಲೇ ಇಟ್ಟರು. "ಸೋಮವಾರ ಬೆಳಿಗ್ಗೆ ಎಲ್ಲಿ ಸೇರುವುದು ಸರ್?" ಎಂದು ಅವನು ಎಲ್ಲರೂ ಕೇಳುವಂತೆ ಕೇಳಿದ. ಸರ್ ಕೇಳಿಸದವರಂತೆ ಚಾಕು ಎತ್ತಿಕೊಂಡರು. ಕೇಕು ಕತ್ತರಿಸಿದ್ದಾಯಿತು, ಹಾಡಾಯಿತು, ಫಾದರ್ ಆಶೀರ್ವದಿಸಿದ್ದಾಯಿತು. ರೂಪೇಶ್ ಮೈಕು ಹಿಡಿದು ಮಾಡಬೇಕಾದ್ದೆಲ್ಲ ಮಾಡಿದ, ಕೊಂಕಣಿಯಲ್ಲಿ ಒಂದು, ತುಳುವಿನಲ್ಲಿ ಒಂದು, "ಅರವತ್ತಾದರೆ ಅರಳು ಮರಳು ಅಂತಾರೆ, ನಮ್ಮ ಸರ್‌ಗೆ ಅರಳಿದ್ದು ಮಾತ್ರ, ಮರಳಿ ಕಾಲೇಜಿಗೆ ಮಾತ್ರ ಹೋಗುವುದಿಲ್ಲ" ಎಂದದ್ದಕ್ಕೆ ಹಿಂದಿನ ಮೇಜಿನವರು ಗ್ಲಾಸು ಬಡಿದರು. ಬಾಯಿ ತಾನಾಗಿ ನಡೆಯುತ್ತಿತ್ತು. ಒಳಗೆ ಒಂದೇ ಲೆಕ್ಕ: ಟೋಸ್ಟ್ ಮುಗಿದ ಕೂಡಲೇ 'ಪ್ರ್ಯಾಂಕ್ ಇಲ್ಲ, ಫೋನು ಕೈಕೊಟ್ಟಿತು' ಎಂದು ಊಟಕ್ಕೆ ಕರೆದುಬಿಡುವುದು. ಎಡ್ವಿನ್ ಗ್ಲಾಸು ಎತ್ತಿ ಸರ್ ಅವರನ್ನು ಸರಕಾರವೇ ಹೆದರುವ ಮನುಷ್ಯ ಎಂದು ಹೊಗಳಿದ. ಎಲ್ಲರೂ ಗ್ಲಾಸು ಎತ್ತಿದರು. ಸರ್ ಗ್ಲಾಸಿನ ಒಳಗೆ ನೋಡುತ್ತಿದ್ದರು.

ಅಷ್ಟರಲ್ಲಿ ವಿನಿಫ್ರೆಡ್ ಅವನ ಕೈಯಿಂದ ಮೈಕನ್ನೇ ಕಸಿದುಕೊಂಡರು. "ಈಗ ಊಟಕ್ಕೆ ಯಾರೂ ಏಳಬಾರದು. ಮುಖ್ಯ ಐಟಂ ಉಂಟು." ಅವರು ಗಂಡನ ಕಡೆ ತಿರುಗಿದರು, ನಗು ತಡೆಯಲಾರದೆ ಸ್ವರ ಒಡೆಯುತ್ತಿತ್ತು. "ಬೆಳಿಗ್ಗೆ ನಿಮಗೆ ಒಂದು ಫೋನು ಬಂತಲ್ಲ ಮಾರಾಯ್ರೆ, ದೆಹಲಿಯಿಂದ? ದೊಡ್ಡ ಆಫೀಸರು? ಆ ಆಫೀಸರು ಇಗೊಳ್ಳಿ ಇಲ್ಲೇ ನಿಂತಿದ್ದಾನೆ."

ಮೇಜುಗಳು ದಡದಡ ಬಡಿಯತೊಡಗಿದವು. ಇಸಿದೋರ್ ಸರ್ ತಲೆ ಎತ್ತಿದರು. ರೂಪೇಶನಿಗೆ ಮನುಷ್ಯರ ಮುಖ ನೋಡುವುದು ಹೊಟ್ಟೆಪಾಡು. ಯಾವ ಮುಖ ಎಲ್ಲಿ ಮಡಚುತ್ತದೆ, ಎಲ್ಲಿ ಬಿಚ್ಚುತ್ತದೆ ಅವನಿಗೆ ಗೊತ್ತು. ಈ ಮುಖ ಏನೂ ಮಾಡಲಿಲ್ಲ. ರಕ್ತ ಮಾತ್ರ ಹಿಂದೆ ಸರಿಯಿತು, ಇಳಿತದ ಹೊತ್ತು ಉಳ್ಳಾಲದ ದಂಡೆಯಿಂದ ನೀರು ಸರಿದು ಒದ್ದೆ ಮರಳು ಕಾಣುವ ಹಾಗೆ. ಅವರು ರೂಪೇಶನನ್ನು ನೋಡಿದರು, ಅವನ ಕೈಯಲ್ಲಿದ್ದ ಫೋನನ್ನು ನೋಡಿದರು, ಅದರಿಂದ ಸ್ಪೀಕರಿಗೆ ಹೋದ ಕಪ್ಪು ವಯರನ್ನು ತುದಿಯವರೆಗೆ ನೋಡಿದರು. ಆಮೇಲೆ ಎಲೇನಳನ್ನು. ಎಲೇನ್ ಕೂಡ ಮೇಜು ಬಡಿಯುತ್ತಿದ್ದಳು. ಅವರ ತುಟಿ ಒಮ್ಮೆ ಅಲುಗಿತು. ಬೇಡ ಎಂದಿರಬಹುದು, ಹಾಕು ಎಂದೂ ಇರಬಹುದು.

"ರೆಕಾರ್ಡ್ ಆಗಲಿಲ್ಲ" ಎಂದ ರೂಪೇಶ್. ಅದು ಯಾರ ಧ್ವನಿಯೂ ಆಗಿರಲಿಲ್ಲ. ಎಷ್ಟು ಸಪ್ಪೆಯಾಗಿತ್ತೆಂದರೆ ಎಡ್ವಿನ್ "ಎಂತ, ಕೇಳುವುದಿಲ್ಲ" ಎಂದ. ವಯರನ್ನು ಫೋನಿನಿಂದ ಎಳೆದು ತೆಗೆದು, ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಅವನು ಆಂಟಿಯಿಂದ ಮೈಕು ವಾಪಸು ತಗೊಂಡು ಹೇಳಿದ: "ರೆಕಾರ್ಡ್ ಆಗಲಿಲ್ಲ ಅಣ್ಣ. ಸರ್ ಜೋರು ಮಾಡಿದ ರಭಸಕ್ಕೆ ಫೋನೇ ಹೆದರಿ ಆಫ್ ಆಯಿತು." ಹಾಲ್‌ನಲ್ಲಿ ಓ ಎಂಬ ನಿರಾಸೆ. "ಹಾಗಾದರೆ ಬಾಯಲ್ಲೇ ಹೇಳು ಮಾರಾಯ, ನಿನಗೆ ಎಂತಕ್ಕೆ ಬಾಯಿ ಇರುವುದು?" ಎಂದ ಎಡ್ವಿನ್. ಬೋಜಣ್ಣ ಸಿಳ್ಳೆ ಹಾಕಿದ.

ಅವನು ಶುರು ಮಾಡಿದ. ಮೂಗು ಬಂತು, ಕೆಮ್ಮು ಬಂತು. "ಪ್ರೊಫೆಸರ್, ಕುಲಾಂತರಿ ಬೆಲೆ ವಿರುದ್ಧ ನೀವು ಹೇಲಿದ್ದೆಲ್ಲ ನಮ್ಮ ಟೇಬಲ್ ಮೇಲೆ ಇದೆ." ಬೆಳಿಗ್ಗೆಯ ಅದೇ ಮಾತು, ಒಂದಕ್ಷರ ಬದಲಿಲ್ಲದೆ. ಇಸಿದೋರ್ ಸರ್ ಮೇಜಿನ ಅಂಚು ಹಿಡಿದುಕೊಂಡರು. "ನಿಮ್ಮ ಮಗಲು ನಮ್ಮಲ್ಲೇ ಇದಾರಲ್ಲ. ಇನ್ನೂ ಟೆಂಪರರಿ, ಅಲ್ವಾ?" ಎಲೇನಳ ಕೈ ಮೇಜಿನ ಮೇಲೆ ನಿಂತಿತು. ಈಗ ಸರ್ ಅವರ ಸರದಿ. ರೂಪೇಶ್ ಸುಮ್ಮನಿದ್ದ. ಬೆಳಿಗ್ಗೆ ಎಷ್ಟು ಹೊತ್ತು ಆ ಕಡೆ ಉಸಿರು ಮಾತ್ರ ಕೇಳಿತ್ತೋ ಅಷ್ಟು ಹೊತ್ತು. ಹಾಲ್ ಅದನ್ನು ಅಭಿನಯವೆಂದುಕೊಂಡು ಅಲ್ಲಲ್ಲಿ ಕಿಸಕ್ಕೆಂದಿತು. ಆ ಖಾಲಿ ಜಾಗದಲ್ಲಿ ಅವನಿಗೆ ಎರಡು ಸ್ವರಗಳೂ ಸಿದ್ಧವಾಗಿ ನಿಂತದ್ದು ಗೊತ್ತಾಯಿತು, ಬೆಳಿಗ್ಗೆ ಕೇಳಿದ ಆ ಸಣ್ಣದು, ಮತ್ತೆ ಹಳೆಯದು. ಸಣ್ಣದು ಎಷ್ಟು ನಿಖರವಾಗಿ ಬಂದು ಕೂತಿತ್ತೆಂದರೆ ಬಾಯಿ ತೆರೆದರೆ ಅದೇ ಬರುತ್ತದೆಂದು ಭಯವಾಯಿತು. ಸರ್ ತಲೆ ತಗ್ಗಿಸಿದ್ದರು.

ರೂಪೇಶ್ ಇಲ್ಲದ ಕನ್ನಡಕ ತೆಗೆದು ಇಲ್ಲದ ಕರವಸ್ತ್ರದಲ್ಲಿ ಒರೆಸಿದ. "ನೋಡಿ" ಎಂದ.

ಹಾಲ್ ಎದ್ದು ಕೂತಿತು. "ನೋಡಿ, ಮಗಳು ನಿಮ್ಮಲ್ಲಿ ಟೆಂಪರರಿ, ಹೌದು. ನಿಮ್ಮ ಸರಕಾರವೂ ನಮ್ಮಲ್ಲಿ ಟೆಂಪರರಿಯೇ. ಐದು ವರ್ಷಕ್ಕೊಮ್ಮೆ ರಿನ್ಯೂವಲ್ಲಿಗೆ ಮನೆ ಬಾಗಿಲಿಗೆ ಬರ್ತದೆ. ಅವಳಾದರೂ ಪರೀಕ್ಷೆ ಬರೆದು ಹೋದದ್ದು." ನಗು ಗೋಡೆಗೆ ಹೊಡೆದು ವಾಪಸು ಬಂತು, ಫಾದರ್ ಕೂಡ ಕುರ್ಚಿಯ ಕೈ ಹಿಡಿದರು. ಮೂಗು: "ಪ್ರೊಫೆಸರ್, ಮಂತ್ರಿಗಲ ಧ್ವನಿ ಮಾಡ್ತಾನಲ್ಲ, ಯಾರು ಅವನು? ಹೆಸರು ಹೇಲಿ." ಇಸಿದೋರ್ ಸರ್ ತಲೆ ಎತ್ತಿದ್ದು ಈ ಪ್ರಶ್ನೆಗೆ. ಅವರ ಕಣ್ಣು ನೇರ ಅವನ ಕಣ್ಣಿಗೆ ಬಂದು ನಿಂತಿತು, ಅದರಲ್ಲಿ ಈಗ ಅಂಜಿಕೆಯೂ ಇರಲಿಲ್ಲ, ಬರಿದಾಗಿತ್ತು, ಯಾವ ಪೆಟ್ಟು ಬೇಕಾದರೂ ಬೀಳಲಿ ಎಂಬ ಹಾಗೆ. "ನೋಡಿ, ಅದು ನಾನೇ" ಎಂದ ರೂಪೇಶ್ ಅವರ ಸ್ವರದಲ್ಲಿ. "ಮಂತ್ರಿಗಳದ್ದೂ ನಾನೇ ಮಾಡುವುದು. ನಿಮ್ಮದೂ ಮಾಡ್ತೇನೆ, ಕೇಳಿ." ಮತ್ತೆ ಆ ದೆಹಲಿಯ ಮೂಗನ್ನು, ಈ ಸಲ ಇಸಿದೋರ್ ಸರ್ ಅನುಕರಿಸಿದರೆ ಹೇಗಿರುತ್ತದೋ ಹಾಗೆ, ಮಾಸ್ಟ್ರ ಗತ್ತು ಬಿಡದ, 'ಳ'ಕಾರ ಬೋಳಿಸಲು ಹೋಗಿ ಪ್ರತಿ ಸಲವೂ ಸೋತು ಅಧಿಕಾರಿಯ ಉಚ್ಚಾರವನ್ನೇ ತಿದ್ದಿಬಿಡುವ ಒಂದು ಮೂಗನ್ನು, ಮಾಡಿ ತೋರಿಸಿದ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ವಿನಿಫ್ರೆಡ್ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ "ಹೌದು, ಹೀಗೇ, ಇವರು ಹೀಗೇ" ಎನ್ನುತ್ತಿದ್ದರು. "ಸೋಮವಾರ ಬರ್ತೇನೆ. ಮುಂದಿನ ಸಾಲಿನಲ್ಲಿ ಕೂರ್ತೇನೆ. ಏಳಬೇಡಿ ಅಂದರೂ ಏಳ್ತೇನೆ. ಫೋನು ಇಡಿ, ನನಗೆ ಕ್ಲಾಸು ಉಂಟು."

"ನಾವು ಬಸ್ಸು ಮಾಡಿ ಬರ್ತೇವೆ ಸರ್" ಎಂದು ಬೋಜಣ್ಣ ಎದ್ದೇ ನಿಂತ. "ಇಡೀ ಹಾಲ್ ಬರ್ತದೆ" ಎಂದ ಎಡ್ವಿನ್. ರೂಪೇಶ್ ಮೈಕು ಇಳಿಸಿದ. ಆಗ ಅವನಿಗೆ ಹೊಳೆಯಿತು: ಬೆಳಿಗ್ಗೆ ಇವರನ್ನು ಸಭೆಗೆ ಹೋಗದಂತೆ ತಡೆದದ್ದು ಒಂದು ಕಳ್ಳ ಧ್ವನಿ, ಈಗ ಹೋಗಲೇಬೇಕೆಂದು ತಳ್ಳಿದ್ದೂ ಇನ್ನೊಂದು ಕಳ್ಳ ಧ್ವನಿಯೇ. ನಡುವೆ ಆ ಮನುಷ್ಯನನ್ನು ಯಾರೂ ಏನೂ ಕೇಳಲಿಲ್ಲ. ಬರುತ್ತೀರಾ ಎಂದು ಕೂಡ.

ಮೊದಲು ಅದು ಕೆಮ್ಮಿನಂತೆ ಕೇಳಿತು. ಆಮೇಲೆ ಇಸಿದೋರ್ ಸರ್ ಮೇಜಿನ ಮೇಲೆ ಅಂಗೈ ಬಡಿದರು, ಗ್ಲಾಸು ಹಾರಿತು, ಮತ್ತೆ ಬಡಿದರು. ಅವರು ನಗುತ್ತಿದ್ದರು. ಬಾಯಿ ಪೂರ್ತಿ ತೆರೆದು, ಭುಜ ಕುಲುಕಿ, ಕನ್ನಡಕ ಜಾರಿ ಮೂಗಿನ ತುದಿಗೆ ಬರುವಷ್ಟು ನಗುತ್ತಿದ್ದರು. ಅವರ ನಗು ನೋಡಿ ಹಾಲ್ ಇನ್ನೊಮ್ಮೆ ನಕ್ಕಿತು, ಎಲೇನ್ ಅವರ ಕುತ್ತಿಗೆ ತಬ್ಬಿಕೊಂಡು ನಕ್ಕಳು, ಯಾರೋ ಚಪ್ಪಾಳೆ ಶುರು ಮಾಡಿದರು. ಚಪ್ಪಾಳೆ ಮುಗಿಯಿತು. ಕುರ್ಚಿಗಳು ಸರಿದವು, ಊಟದ ಸಾಲು ಕಟ್ಟತೊಡಗಿತು, ಬಡಿಸುವವರು ಪಾತ್ರೆಗಳ ಮುಚ್ಚಳ ತೆಗೆದರು. ಅವರು ನಗುತ್ತಲೇ ಇದ್ದರು, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ. ವಿನಿಫ್ರೆಡ್ ಬೆನ್ನು ನೇವರಿಸಿ "ಪುರೊ, ಪುರೊ ಆತಾಂ" ಎಂದರು. ಸಾಕು ಎಂದರೂ ನಿಲ್ಲಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನೀರು ಒರೆಸಲೂ ಅವರು ಕೈ ಎತ್ತಲಿಲ್ಲ. ಆ ಒದ್ದೆ ಕಣ್ಣುಗಳು ಮಾತ್ರ ನಗುವಿನ ನಡುವೆ ಒಂದು ಸಲವೂ ಮಿಟುಕದೆ ರೂಪೇಶನ ಅಂಗಿಯ ಕಿಸೆಯ ಮೇಲೆ, ಅಲ್ಲಿದ್ದ ಫೋನಿನ ಮೇಲೆ ನೆಟ್ಟಿದ್ದವು.